ಬಿಎಂಡಬ್ಲ್ಯೂ ಎಂ1: ಐದು ಊರು ಸುತ್ತಿ ರೇಸಿಗೆ ತಡವಾದ ಕಾರು

1978ರ ಪ್ಯಾರಿಸ್ ಮೋಟಾರ್ ಶೋನಲ್ಲಿ ಬಿಎಂಡಬ್ಲ್ಯೂ ಕಂಪನಿ ಹೊಸ ಕಾರೊಂದನ್ನು ಜನರ ಮುಂದಿಟ್ಟಿತು. ಎತ್ತರ ಬರೀ 1,140 ಮಿಲಿಮೀಟರ್. ಎಂಜಿನ್ ಇದ್ದದ್ದು ಸೀಟುಗಳ ಹಿಂದೆ. ಸ್ವಿಚ್ ಒತ್ತಿದರೆ ಹೆಡ್‌ಲೈಟ್‌ಗಳು ಬಾನೆಟ್ಟಿನಿಂದ ಮೇಲೇಳುತ್ತಿದ್ದವು. ಹೆಸರು ಎಂ1. ಬೆಲೆ ಒಂದು ಲಕ್ಷ ಜರ್ಮನ್ ಮಾರ್ಕ್‌ನ ಆಸುಪಾಸು, ಆಮೇಲೆ ಇನ್ನೂ ಏರಿತು. ದುಡ್ಡಿದ್ದವರಿಗೆ ಮಾರಿದರೂ ಇದನ್ನು ಮಾಡಿದ ಉದ್ದೇಶ ಬೇರೆಯೇ ಇತ್ತು. ರೇಸ್ ಟ್ರ್ಯಾಕಿನಲ್ಲಿ ಪೋರ್ಷೆಯನ್ನು ಸೋಲಿಸಬೇಕಿತ್ತು.

ಅದು ಆಗಲಿಲ್ಲ. ಯಾವ ರೇಸಿಗೆ ಅಂತ ಈ ಕಾರು ಹುಟ್ಟಿತೋ, ಅದರಲ್ಲಿ ಓಡೋ ಮನ್ನಣೆ ಕೈಗೆ ಸಿಗೋ ಹೊತ್ತಿಗೆ ಆ ವಿಭಾಗವನ್ನೇ ಮುಚ್ಚೋ ತೀರ್ಮಾನ ಆಗಿತ್ತು. ಎಂ1 ಅಂದ ತಕ್ಷಣ ಜನ ಅದರ ಅಂದ, ಈಗಿನ ಹರಾಜಿನ ಬೆಲೆ ಇಷ್ಟನ್ನೇ ಮಾತಾಡುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಹೆಚ್ಚೇನೂ ಕೊರತೆ ಇಲ್ಲದ ಕಾರು ಹೀಗೇಕೆ ಗುರಿ ತಪ್ಪಿತು ಅನ್ನೋದು ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಕಾರ್ಖಾನೆಯಲ್ಲಿದೆ. ಸರಿಯಾಗಿ ಹೇಳಬೇಕೆಂದರೆ, ಈ ಕಾರಿಗೆ ಕಾರ್ಖಾನೆಯೇ ಇಲ್ಲದ್ದರಲ್ಲಿದೆ.

ಪೋರ್ಷೆ ಎದುರು ಸೋತ ವರ್ಷ

ಬಿಎಂಡಬ್ಲ್ಯೂ 1972ರಲ್ಲಿ ರೇಸಿಗಾಗಿಯೇ ಒಂದು ಪ್ರತ್ಯೇಕ ಕಂಪನಿ ಶುರು ಮಾಡಿತು. ಅದರ ಹೆಸರು ಬಿಎಂಡಬ್ಲ್ಯೂ ಮೋಟಾರ್‌ಸ್ಪೋರ್ಟ್. ಕಲೋನ್‌ನ ಫೋರ್ಡ್ ರೇಸಿಂಗ್ ತಂಡದಿಂದ ಯೋಖೆನ್ ನೇರ್‌ಪಾಷ್ ಅವರನ್ನು ಕರೆತಂದು ಮುಖ್ಯಸ್ಥರನ್ನಾಗಿ ಮಾಡಿದರು. ಅವರ ಮೊದಲ ದೊಡ್ಡ ಆಯುಧ 3.0 ಸಿಎಸ್‌ಎಲ್. ಎರಡು ಬಾಗಿಲ ಕೂಪೆ ಕಾರನ್ನೇ ಹಗುರ ಮಾಡಿ, ಹಿಂದೆ ದೊಡ್ಡ ರೆಕ್ಕೆ ಕಟ್ಟಿದ ಗಾಡಿ ಅದು. 1973ರಲ್ಲಿ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಗೆದ್ದಿತು. ಮುಂದೆಯೂ ಅದೇ ಸರಣಿಯಲ್ಲಿ ಮತ್ತೆ ಮತ್ತೆ ಗೆದ್ದಿತು.

1976ರಲ್ಲಿ ಆಟದ ಲೆಕ್ಕ ಬದಲಾಯಿತು. ತಯಾರಕರ ವಿಶ್ವ ಚಾಂಪಿಯನ್‌ಶಿಪ್ಪಿಗೆ ಗ್ರೂಪ್ 5 ಅನ್ನೋ ಹೊಸ ನಿಯಮ ಬಂತು. ಕಾರಿನ ಮೂಲ ಆಕಾರ ಗುರುತು ಸಿಗೋ ಹಾಗಿರಬೇಕು. ಬಾನೆಟ್, ಛಾವಣಿ, ಬಾಗಿಲು ಮೂಲ ಕಾರಿನವೇ ಆಗಿರಬೇಕು. ಉಳಿದ ಕಡೆ ಸಾಕಷ್ಟು ಸ್ವಾತಂತ್ರ್ಯ ಇತ್ತು. ಮಡ್‌ಗಾರ್ಡ್ ಉಬ್ಬಿಸಬಹುದು, ಅಗಲವಾದ ಟೈರ್ ಹಾಕಬಹುದು, ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೊ ಕೂರಿಸಬಹುದು. ಪೋರ್ಷೆ ಇದಕ್ಕೆ ಅಂತಲೇ 935 ತಯಾರಿಸಿತು. ಹಳೆಯ ಸಿಎಸ್‌ಎಲ್ ಆ ವರ್ಷ ಕೆಲವು ರೇಸ್ ಗೆದ್ದು ಮರ್ಯಾದೆ ಉಳಿಸಿಕೊಂಡಿತು, ಚಾಂಪಿಯನ್‌ಶಿಪ್ ಮಾತ್ರ ಪೋರ್ಷೆ ಪಾಲಾಯಿತು. ಭಾರವಾದ ಎಂಜಿನ್ನನ್ನು ಮೂತಿಯಲ್ಲಿ ಹೊತ್ತ ದೊಡ್ಡ ಕೂಪೆಯಿಂದ ಇನ್ನು ಜಾಸ್ತಿ ಹಿಂಡೋಕೆ ಆಗಲ್ಲ ಅನ್ನೋದು ಮ್ಯೂನಿಕ್‌ನ ಬಿಎಂಡಬ್ಲ್ಯೂನವರಿಗೆ ಗೊತ್ತಾಯಿತು. ಎಂಜಿನ್ ನಡುವೆ ಇರೋ, ಬುಡದಿಂದಲೇ ರೇಸಿಗೆ ಅಂತ ಕಟ್ಟಿದ ಕಾರು ಬೇಕು ಅಂತ ನೇರ್‌ಪಾಷ್ ಪಟ್ಟು ಹಿಡಿದರು.

ತೊಡಕು ನಿಯಮದಲ್ಲೇ ಇತ್ತು. ಗ್ರೂಪ್ 5ರಲ್ಲಿ ಓಡೋ ಕಾರು ಈಗಾಗಲೇ ಮನ್ನಣೆ ಪಡೆದ ರಸ್ತೆ ಕಾರಿನಿಂದ ಹುಟ್ಟಿರಬೇಕು. ಆ ಮೂಲ ಕಾರು ಗ್ರೂಪ್ 4ಕ್ಕೆ, ಅಂದರೆ ರಸ್ತೆ ಕಾರಿಗೆ ಹೆಚ್ಚು ಹತ್ತಿರವಿದ್ದ ರೇಸ್ ವಿಭಾಗಕ್ಕೆ, ಸೇರಬೇಕಾದರೆ 24 ತಿಂಗಳೊಳಗೆ 400 ಕಾರು ತಯಾರಾಗಿರಬೇಕು. ಲೆಕ್ಕ ಹಾಕಿ, ತಿಂಗಳಿಗೆ 17 ಕಾರು. ದೊಡ್ಡ ಕಂಪನಿಗೆ ಇದು ಏನೂ ಅಲ್ಲ ಅನಿಸುತ್ತೆ, ಅಲ್ವಾ?

ಪೋರ್ಷೆಗೆ ನಿಜಕ್ಕೂ ಏನೂ ಅಲ್ಲ. 935ರ ಮೂಲ 911 ಟರ್ಬೊ, ಅಂದರೆ 930. ಅದು 1975ರಿಂದಲೇ ಸ್ಟುಟ್‌ಗಾರ್ಟ್‌ನ ಜುಫೆನ್‌ಹೌಸೆನ್ ಕಾರ್ಖಾನೆಯಲ್ಲಿ ಉಳಿದ 911ಗಳ ಜೊತೆ ತಯಾರಾಗುತ್ತಿತ್ತು. ಗಿರಾಕಿಗಳು ಮುಗಿಬಿದ್ದು ಕೊಂಡರು. 400ರ ಗೆರೆ ಸಲೀಸಾಗಿ ದಾಟಿತು. ಪೋರ್ಷೆ ಮೊದಲು ಮಾರೋ ಕಾರು ಮಾಡಿ ಅದರಿಂದ ರೇಸ್ ಕಾರು ತೆಗೆಯಿತು. ಬಿಎಂಡಬ್ಲ್ಯೂ ರೇಸ್ ಕಾರನ್ನು ಮೊದಲು ಕಲ್ಪಿಸಿಕೊಂಡು, ಅದಕ್ಕೊಂದು ಮಾರೋ ಕಾರನ್ನು ಹುಡುಕಲು ಹೊರಟಿತು. ಇಡೀ ಪ್ರಕರಣದ ಬೇರು ಇಲ್ಲಿದೆ ಅನ್ನೋದು ನನ್ನ ಅಭಿಪ್ರಾಯ.

ಲ್ಯಾಂಬೊರ್ಗಿನಿಯನ್ನೇ ಯಾಕೆ ನಂಬಿದರು?

ನಡುವೆ ಎಂಜಿನ್ ಇರೋ ಕಾರಿನ ಕನಸು ಬಿಎಂಡಬ್ಲ್ಯೂಗೆ ಹೊಸತಲ್ಲ. 1972ರಲ್ಲಿ ಫ್ರೆಂಚ್ ವಿನ್ಯಾಸಕಾರ ಪಾಲ್ ಬ್ರಾಕ್ ಕಂಪನಿಗಾಗಿ 'ಟರ್ಬೊ' ಅನ್ನೋ ಮಾದರಿ ಕಾರು ಮಾಡಿದ್ದರು. ಬಾಗಿಲುಗಳು ರೆಕ್ಕೆ ಥರ ಮೇಲಕ್ಕೆ ತೆರೆಯುತ್ತಿದ್ದವು. ಪ್ರದರ್ಶನಕ್ಕೆ ಅಂತ ಎರಡೇ ಮಾಡಿದ್ದು. ಎಂ1ಗೆ ಆಕಾರ ಕೊಡೋ ಕೆಲಸ ಟ್ಯೂರಿನ್‌ನ ಇಟಾಲ್‌ಡಿಸೈನ್‌ನ ಜಾರ್ಜೆಟ್ಟೊ ಜುಜಾರೊ ಅವರಿಗೆ ಹೋಯಿತು. ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಕೂಡ ಇವರದ್ದೇ ಕೈಕೆಲಸ. ಬ್ರಾಕ್ ಅವರ ಟರ್ಬೊದಿಂದ ಒಂದು ಗುರುತು ಎಂ1ಗೂ ಬಂತು. ಹಿಂಭಾಗದ ಎರಡೂ ಮೂಲೆಗಳಲ್ಲಿ ಒಂದೊಂದು ಬಿಎಂಡಬ್ಲ್ಯೂ ಲಾಂಛನ. ಎರಡು ಲಾಂಛನ ಹೊತ್ತ ಹಿಂಭಾಗ ನೋಡಿದರೆ ಎಂ1 ಅಂತ ದೂರದಿಂದಲೇ ಗುರುತು ಸಿಗುತ್ತೆ.

ಕಟ್ಟೋರು ಯಾರು? ಮ್ಯೂನಿಕ್‌ನ ಕಾರ್ಖಾನೆ ಉಕ್ಕಿನ ತಗಡು ಒತ್ತಿ, ಬೆಸೆದು, ಸಾವಿರಗಟ್ಟಲೆ ಸೆಡಾನ್ ಹೊರತರೋಕೆ ಹೊಂದಿಕೊಂಡದ್ದು. ಎಂ1ಗೆ ಬೇಕಾಗಿದ್ದು ಉಕ್ಕಿನ ಕೊಳವೆಗಳನ್ನು ಕೈಯಲ್ಲಿ ಬೆಸೆದ ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ಮೇಲೆ ಫೈಬರ್‌ಗ್ಲಾಸ್ ಬಾಡಿ. ಇದು ಗೊತ್ತಿದ್ದ ಕುಶಲಕರ್ಮಿಗಳು ಇಟಲಿಯ ಮೊಡೆನಾ ಸುತ್ತಮುತ್ತ ಇದ್ದರು. ಅಲ್ಲೇ ಹತ್ತಿರ ಸಾಂತ್ ಆಗಾತಾದಲ್ಲಿ ಲ್ಯಾಂಬೊರ್ಗಿನಿ ಇತ್ತು. ನಡುವೆ ಎಂಜಿನ್ ಇಡೋದರಲ್ಲಿ ಮಿಯುರಾ, ಕೌಂಟಾಕ್ ಮಾಡಿ ಪಳಗಿದವರು. ಮಿಯುರಾದ ಚಾಸಿ ಮಾಡಿದ್ದ ಜಾನ್‌ಪಾವ್ಲೊ ದಲ್ಲಾರಾ ಅವರೇ ಎಂ1ರ ಚಾಸಿ ಕೆಲಸಕ್ಕೂ ಸಿಕ್ಕರು. ಮಾತುಕತೆ ಮುಗಿದು, ಕಾರನ್ನು ಸಿದ್ಧಪಡಿಸಿ ಕಟ್ಟಿಕೊಡೋ ಗುತ್ತಿಗೆ ಲ್ಯಾಂಬೊರ್ಗಿನಿಗೆ ಹೋಯಿತು.

ಈಗ ಕೂತು ಆ ತೀರ್ಮಾನವನ್ನು ನಗೆಯಾಡೋದು ಸುಲಭ. ಕಾಗದದ ಮೇಲೆ ಅದು ಸರಿಯಾಗೇ ಇತ್ತು. ಕೆಲಸ ಗೊತ್ತಿತ್ತು, ಜನ ಇದ್ದರು, ಕಾರ್ಖಾನೆಗೆ ಕೆಲಸವೂ ಬೇಕಾಗಿತ್ತು. ಒಂದೇ ಒಂದು ವಿಷಯವನ್ನು ಸರಿಯಾಗಿ ತೂಗಲಿಲ್ಲ. ಲ್ಯಾಂಬೊರ್ಗಿನಿ ಹತ್ತಿರ ದುಡ್ಡಿರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ದುಬಾರಿ ಕಾರು ಕೊಳ್ಳೋರು ಕಡಿಮೆಯಾಗಿದ್ದರು. ಸ್ಥಾಪಕ ಫೆರುಚಿಯೊ ಲ್ಯಾಂಬೊರ್ಗಿನಿ ತಮ್ಮ ಪಾಲು ಮಾರಿ ಹೊರನಡೆದಿದ್ದರು. ಸಾಲದ್ದಕ್ಕೆ ಕಂಪನಿ ಚೀತಾ ಅನ್ನೋ ಸೇನಾ ವಾಹನದ ಕೆಲಸಕ್ಕೂ ಕೈ ಹಾಕಿತ್ತು. ಎಂ1ಗೆ ಬಂದ ದುಡ್ಡಿನ ಒಂದಷ್ಟು ಅದಕ್ಕೆ ಹೋಯಿತು ಅನ್ನೋ ಮಾತು ಇವತ್ತಿಗೂ ಓಡಾಡುತ್ತೆ.

ಒಳಗಿನ ಯಂತ್ರ

ಗುತ್ತಿಗೆ ಮುರಿದ ಕಥೆಗೆ ಹೋಗೋ ಮುಂಚೆ ಎಂಜಿನ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಈ ಯೋಜನೆಯಲ್ಲಿ ಪೂರ್ತಿಯಾಗಿ ಬಿಎಂಡಬ್ಲ್ಯೂನವರ ಕೈಯಲ್ಲೇ ಇದ್ದ ಭಾಗ ಇದು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದೂ ಇದೇ.

ಎಂಜಿನ್ನಿನ ಹೆಸರು ಎಂ88. ಬಿಎಂಡಬ್ಲ್ಯೂನ ಎಂಜಿನ್ ಎಂಜಿನಿಯರ್ ಪಾಲ್ ರೋಷೆ ಅವರ ತಂಡದ ಕೆಲಸ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. ಸಿಲಿಂಡರಿನ ಅಗಲ 93.4 ಮಿಲಿಮೀಟರ್, ಪಿಸ್ಟನ್ ಓಡೋ ದೂರ 84 ಮಿಲಿಮೀಟರ್, ಒಟ್ಟು 3,453 ಸಿಸಿ. ಆ ಕಾಲದ ಬಿಎಂಡಬ್ಲ್ಯೂ ರಸ್ತೆ ಕಾರುಗಳಲ್ಲಿ ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್, ಅವನ್ನು ತೆರೆದು ಮುಚ್ಚೋಕೆ ಮೇಲೊಂದೇ ಕ್ಯಾಮ್‌ಶಾಫ್ಟ್. ಎಂ88ರಲ್ಲಿ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, ಎರಡು ಕ್ಯಾಮ್‌ಶಾಫ್ಟ್. ಸಿಎಸ್‌ಎಲ್ ರೇಸ್ ಕಾರಿನ 24 ವಾಲ್ವ್ ಎಂಜಿನ್ನಿನಿಂದ ಬಂದ ಬುದ್ಧಿ ಇದು. ವಾಲ್ವ್ ಜಾಸ್ತಿಯಾದರೆ ವೇಗದ ಸುತ್ತಿನಲ್ಲಿ ಗಾಳಿ ಒಳಗೆ ಬರೋದು, ಹೊಗೆ ಹೊರಗೆ ಹೋಗೋದು ಎರಡೂ ಸಲೀಸು. ಸ್ಪಾರ್ಕ್ ಪ್ಲಗ್ಗನ್ನು ಸರಿಯಾಗಿ ನಡುವೆ ಕೂರಿಸಬಹುದು. ಇಂಧನ ಒಂದೇ ಸಮ ಉರಿಯುತ್ತೆ.

ಪ್ರತಿ ಸಿಲಿಂಡರಿಗೂ ತನ್ನದೇ ಥ್ರಾಟಲ್, ಅಂದರೆ ಗಾಳಿ ಒಳಬಿಡೋ ಬಾಗಿಲು, ಇತ್ತು. ಮಾಮೂಲಿ ಕಾರಿನಲ್ಲಿ ಒಂದೇ ಥ್ರಾಟಲ್ ತೆರೆದು, ಗಾಳಿ ಒಂದು ಪೆಟ್ಟಿಗೆಗೆ ಬಂದು, ಅಲ್ಲಿಂದ ಎಲ್ಲ ಸಿಲಿಂಡರಿಗೆ ಹಂಚಿಹೋಗುತ್ತೆ. ಇಲ್ಲಿ ಆರು ಚಿಟ್ಟೆ ವಾಲ್ವ್‌ಗಳು ಸಿಲಿಂಡರಿನ ಬಾಯಲ್ಲೇ ತೆರೆಯುತ್ತಿದ್ದವು. ಹಾಗಾಗಿ ಪೆಡಲ್ ಒತ್ತಿದ ಕೂಡಲೇ ಎಂಜಿನ್ ಉತ್ತರ ಕೊಡುತ್ತಿತ್ತು. ಪೆಟ್ರೋಲ್ ಅಳೆದು ಚಿಮುಕಿಸೋದು ಕೂಗಲ್‌ಫಿಶರ್ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್. ಕಂಪ್ಯೂಟರಿನ ಮಾತೇ ಇಲ್ಲ.

ಇನ್ನೊಂದು ರೇಸಿಂಗ್ ಗುಣ ಡ್ರೈ ಸಂಪ್. ಮಾಮೂಲಿ ಎಂಜಿನ್ನಿನಲ್ಲಿ ಆಯಿಲ್ ತಳದ ತಟ್ಟೆಯಲ್ಲಿ ನಿಂತಿರುತ್ತೆ. ಜೋರಾಗಿ ತಿರುವು ತೆಗೆದರೆ ಅದು ಒಂದು ಪಕ್ಕಕ್ಕೆ ಓಡಿ, ಪಂಪ್ ಗಾಳಿ ಹೀರಿಕೊಂಡು ಬೇರಿಂಗ್ ಸುಟ್ಟು ಹೋಗಬಹುದು. ಡ್ರೈ ಸಂಪ್‌ನಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತೆ. ಪಂಪುಗಳು ಅದನ್ನು ಸದಾ ತಳದಿಂದ ಹೀರಿ ಟ್ಯಾಂಕಿಗೆ, ಟ್ಯಾಂಕಿನಿಂದ ಎಂಜಿನ್ನಿಗೆ ಓಡಿಸುತ್ತಿರುತ್ತವೆ. ತಳದಲ್ಲಿ ಆಳವಾದ ತಟ್ಟೆ ಬೇಡ, ಹಾಗಾಗಿ ಎಂಜಿನ್ನನ್ನು ಚಾಸಿಯಲ್ಲಿ ಇನ್ನೂ ಕೆಳಗೆ ಕೂರಿಸಬಹುದು. ಉದ್ದನೆಯ, ಎತ್ತರದ ಆರು ಸಿಲಿಂಡರ್ ಎಂಜಿನ್ನನ್ನು 1,140 ಮಿಲಿಮೀಟರ್ ಎತ್ತರದ ಕಾರಿನೊಳಗೆ ಕೂರಿಸೋಕೆ ಈ ಉಪಾಯ ಬೇಕೇ ಬೇಕಿತ್ತು.

ರಸ್ತೆ ಕಾರಿನಲ್ಲಿ ಇದರ ಶಕ್ತಿ 277 ಪಿಎಸ್ (ಜರ್ಮನ್ ಲೆಕ್ಕದ ಅಶ್ವಶಕ್ತಿ). ಅದೇ ಹೊತ್ತಿನ ಪೋರ್ಷೆ 911 ಟರ್ಬೊ 300 ಪಿಎಸ್ ಕೊಡುತ್ತಿತ್ತು, ಅದೂ ಟರ್ಬೊ ಸಹಾಯದಿಂದ. ಎಂ1ಗೆ ಟರ್ಬೊ ಇರಲಿಲ್ಲ, ಆದರೂ ಗಂಟೆಗೆ 260 ಕಿಲೋಮೀಟರ್ ದಾಟುತ್ತಿತ್ತು. ಎಂಜಿನ್ ಹಿಂದೆ ಜೆಡ್‌ಎಫ್ ಕಂಪನಿಯ ಐದು ಗೇರಿನ ಗೇರ್‌ಬಾಕ್ಸ್, ನಾಲ್ಕೂ ಚಕ್ರಕ್ಕೆ ಜೋಡಿ ವಿಶ್‌ಬೋನ್ ಸಸ್ಪೆನ್ಷನ್. ಒಳಗೆ ಎಸಿಯೂ ಇತ್ತು. ಆ ಕಾಲದ ಇಟಲಿಯ ಸೂಪರ್‌ಕಾರುಗಳ ಹಾಗೆ ಓಡಿಸೋರನ್ನು ಗೋಳು ಹೊಯ್ದುಕೊಳ್ಳೋ ಗುಣ ಇದಕ್ಕಿಲ್ಲ ಅಂತ ಓಡಿಸಿದವರು ಹೊಗಳಿದರು.

ಗುತ್ತಿಗೆ ಮುರಿದ ಮೇಲೆ

ಸಾಂತ್ ಆಗಾತಾದಲ್ಲಿ ಮಾದರಿ ಕಾರುಗಳೇನೋ ತಯಾರಾದವು, ಕಾರ್ಖಾನೆಯಲ್ಲಿ ಉತ್ಪಾದನೆ ಮಾತ್ರ ಶುರುವಾಗಲೇ ಇಲ್ಲ. 1978ರಲ್ಲಿ ಬಿಎಂಡಬ್ಲ್ಯೂ ಗುತ್ತಿಗೆ ರದ್ದು ಮಾಡಿತು. ಪ್ಯಾರಿಸ್ ಶೋಗೆ ಉಳಿದಿದ್ದು ಕೆಲವೇ ತಿಂಗಳು.

ಇಲ್ಲಿ ಎರಡು ದಾರಿ ಇದ್ದವು. ಯೋಜನೆಯನ್ನೇ ಕೈಬಿಡೋದು. ಇಲ್ಲವಾದರೆ ಲ್ಯಾಂಬೊರ್ಗಿನಿ ಮಾಡಬೇಕಿದ್ದ ಕೆಲಸವನ್ನು ತುಂಡು ತುಂಡು ಮಾಡಿ ಬೇರೆ ಬೇರೆಯವರಿಗೆ ಹಂಚೋದು. ಎರಡನೆಯದನ್ನು ಆರಿಸಿದರು. ಲ್ಯಾಂಬೊರ್ಗಿನಿ ಬಿಟ್ಟು ಬಂದ ಕೆಲವು ಎಂಜಿನಿಯರುಗಳು ಇಟಾಲ್‌ಎಂಜಿನಿಯರಿಂಗ್ ಅನ್ನೋ ಸಂಸ್ಥೆ ಮಾಡಿಕೊಂಡು ವಿನ್ಯಾಸದ ಬಾಕಿ ಕೆಲಸ ಮುಗಿಸಿಕೊಟ್ಟರು.

ಒಂದು ಎಂ1 ಹುಟ್ಟೋ ದಾರಿ ಹೀಗಾಯಿತು. ಕೊಳವೆಯ ಚಾಸಿ ಮೊಡೆನಾದ ಮಾರ್ಕೇಸಿ ಕಂಪನಿಯಲ್ಲಿ ಬೆಸುಗೆಯಾಗುತ್ತಿತ್ತು. ಫೈಬರ್‌ಗ್ಲಾಸ್ ಬಾಡಿ ರೆಜ್ಜೊ ಎಮಿಲಿಯಾದ ಟಿಐಆರ್ ಕಂಪನಿಯಿಂದ ಬರುತ್ತಿತ್ತು. ಎರಡೂ ಟ್ಯೂರಿನ್‌ನ ಇಟಾಲ್‌ಡಿಸೈನ್‌ಗೆ ಹೋಗಿ, ಅಲ್ಲಿ ಬಾಡಿಯನ್ನು ಚಾಸಿಗೆ ಜೋಡಿಸಿ, ಒಳಗಿನ ಸಜ್ಜು ಮಾಡುತ್ತಿದ್ದರು. ಅಲ್ಲಿಂದ ಆಲ್ಪ್ಸ್ ದಾಟಿ ಸ್ಟುಟ್‌ಗಾರ್ಟ್‌ನ ಬೌರ್ ಕಂಪನಿಗೆ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಸೇರುತ್ತಿದ್ದದ್ದು ಅಲ್ಲಿ. ಕೊನೆಗೆ ಮ್ಯೂನಿಕ್‌ನಲ್ಲಿ ಬಿಎಂಡಬ್ಲ್ಯೂ ಮೋಟಾರ್‌ಸ್ಪೋರ್ಟ್ ತಪಾಸಣೆ ಮಾಡಿ ಗಿರಾಕಿಗೆ ಕೊಡುತ್ತಿತ್ತು. ಮದುವೆ ಮನೆಯ ಸಾರು ಒಂದೂರಲ್ಲಿ, ಪಲ್ಯ ಇನ್ನೊಂದೂರಲ್ಲಿ, ಪಾಯಸ ಮತ್ತೊಂದೂರಲ್ಲಿ ಮಾಡಿಸಿ, ಎಲೆ ಹಾಕಿ ಕಾಯುತ್ತಾ ಕೂತ ಹಾಗೆ.

ಅಂಥ ಸರಪಳಿಯಲ್ಲಿ ಒಂದು ಕೊಂಡಿ ನಿಧಾನವಾದರೆ ಉಳಿದ ನಾಲ್ಕೂ ಸುಮ್ನೆ ಕೂರಬೇಕು. ಫೈಬರ್‌ಗ್ಲಾಸ್ ಅಚ್ಚಿನ ಕೆಲಸವನ್ನು ಬೇಗ ಬೇಗ ಮಾಡಿ ಅಂದರೆ ಆಗಲ್ಲ. ರಾಳ ಗಟ್ಟಿಯಾಗೋಕೆ ಅದರದ್ದೇ ಹೊತ್ತು ಬೇಕು, ಆಮೇಲೆ ಕೈಯಲ್ಲೇ ಉಜ್ಜಿ ಸಮ ಮಾಡಬೇಕು. ಪ್ರತಿ ಕೈ ಬದಲಾದಾಗಲೂ ಸಾಗಣೆ, ತಪಾಸಣೆ, ಲಾಭದ ಪಾಲು ಅಂತ ಖರ್ಚು ಏರುತ್ತೆ. ಗಿರಾಕಿಗಳಿಗೆ ಮೊದಲ ಕಾರುಗಳು ಸಿಕ್ಕಿದ್ದು 1979ರಲ್ಲಿ. ತಿಂಗಳಿಗೆ 17ರ ಲೆಕ್ಕ ಆಗ ಸಣ್ಣದಾಗಿ ಕಾಣಲಿಲ್ಲ.

ನನಗೆ ಇಲ್ಲಿ ಕಾಡೋ ಪ್ರಶ್ನೆ ಬೌರ್ ಬಗ್ಗೆ. ಈ ಕಂಪನಿ ಬಿಎಂಡಬ್ಲ್ಯೂಗೆ ಹೊಸಬರಲ್ಲ. 2002 ಕಾರಿನ ತೆರೆದ ಛಾವಣಿಯ ಮಾದರಿಗಳನ್ನು ಬಿಎಂಡಬ್ಲ್ಯೂಗಾಗಿ ಮಾಡಿಕೊಟ್ಟವರು. ಸಣ್ಣ ಸಂಖ್ಯೆಯಲ್ಲಿ, ಅಚ್ಚುಕಟ್ಟಾಗಿ ಕಾರು ಜೋಡಿಸೋದೇ ಅವರ ಕಸುಬು. ಇಟಲಿಯಲ್ಲಿ ಚಾಸಿ, ಬಾಡಿ ಮಾಡಿಸಿ ಜೋಡಣೆಯನ್ನು ಮೊದಲ ದಿನದಿಂದಲೇ ಬೌರ್‌ಗೆ ಕೊಟ್ಟಿದ್ದರೆ? ಎರಡು ವರ್ಷ ಉಳಿಯುತ್ತಿತ್ತೇನೋ. ಆಗಲೂ ಚಾಸಿ, ಬಾಡಿಗೆ ಆಲ್ಪ್ಸ್ ಆಚೆ ನೋಡಲೇಬೇಕಿತ್ತು ಅನ್ನೋದೂ ನಿಜ.

ರೇಸಿಲ್ಲದ ಕಾರಿಗೆ ಹೊಸ ರೇಸ್

1979ರಲ್ಲಿ ನೇರ್‌ಪಾಷ್ ಅವರ ಹತ್ತಿರ ರೇಸ್ ಕಾರು ಇತ್ತು, 400 ಕಾರು ಮುಗಿಯದ ಕಾರಣ ಓಡಿಸೋಕೆ ಚಾಂಪಿಯನ್‌ಶಿಪ್ ಇರಲಿಲ್ಲ. ಅದಕ್ಕೆ ಕಂಡುಕೊಂಡ ದಾರಿ ಪ್ರೊಕಾರ್. ಎಲ್ಲರಿಗೂ ಒಂದೇ ಥರದ ಎಂ1, ಯುರೋಪಿನ ಫಾರ್ಮುಲಾ ಒನ್ ಗ್ರಾಂ ಪ್ರಿಗಳ ಜೊತೆ ನಡೆಯೋ ರೇಸ್. ಫಾರ್ಮುಲಾ ಒನ್ ತಂಡಗಳ ಒಕ್ಕೂಟದಲ್ಲಿ ಬರ್ನಿ ಎಕಲ್‌ಸ್ಟೋನ್ ಜೊತೆಗಿದ್ದ ಮ್ಯಾಕ್ಸ್ ಮೋಸ್ಲಿ ಇದಕ್ಕೆ ದಾರಿ ಮಾಡಿಕೊಟ್ಟರು. ಶುಕ್ರವಾರದ ಅಭ್ಯಾಸದಲ್ಲಿ ಮುಂದಿದ್ದ ಐದು ಫಾರ್ಮುಲಾ ಒನ್ ಚಾಲಕರಿಗೆ ಬಿಎಂಡಬ್ಲ್ಯೂ ಕಾರು ಕೊಡುತ್ತಿತ್ತು. ಉಳಿದ ಕಾರುಗಳಲ್ಲಿ ಖಾಸಗಿ ತಂಡಗಳ ಚಾಲಕರು.

ರೇಸ್ ಎಂ1ರ ಎಂಜಿನ್ ಟರ್ಬೊ ಇಲ್ಲದೆಯೇ ಸುಮಾರು 470 ಪಿಎಸ್ ಕೊಡುತ್ತಿತ್ತು. ಒಬ್ಬರಿಗೊಬ್ಬರು ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಓಡಿಸೋದು ನೋಡೋಕೆ ಜನ ಬಂದರು. 1979ರ ಚಾಂಪಿಯನ್ ನಿಕಿ ಲೌಡಾ, 1980ರಲ್ಲಿ ನೆಲ್ಸನ್ ಪಿಕೆ. ಫೆರಾರಿ ಮತ್ತು ರೆನೊ ಚಾಲಕರು ಇದರಿಂದ ದೂರ ಉಳಿದರು. ಪ್ರೊಕಾರ್ ಕಾರುಗಳಿಗೆ ಗುಡ್‌ಇಯರ್ ಟೈರ್, ಅವರ ತಂಡಗಳದ್ದು ಮಿಷೆಲಿನ್ ಒಪ್ಪಂದ.

ಜಾಹೀರಾತಾಗಿ ನೋಡಿದರೆ ಪ್ರೊಕಾರ್ ಭರ್ಜರಿ ಯಶಸ್ಸು. ಆದರೆ ಸ್ವಲ್ಪ ಯೋಚಿಸಿ. ಎಲ್ಲ ಕಾರೂ ಬಿಎಂಡಬ್ಲ್ಯೂ ಆದ ರೇಸಿನಲ್ಲಿ ಬಿಎಂಡಬ್ಲ್ಯೂ ಗೆಲ್ಲೋದು ದೊಡ್ಡ ಮಾತಾ? ಪೋರ್ಷೆ 935 ಬೇರೆ ಕಡೆ ತನ್ನ ಪಾಡಿಗೆ ಗೆಲ್ಲುತ್ತಲೇ ಇತ್ತು. 1979ರ ಲ ಮಾನ್ 24 ಗಂಟೆ ರೇಸಿನಲ್ಲಿ ಒಟ್ಟಾರೆ ಮೊದಲ ಸ್ಥಾನ ಕೂಡ 935ಕ್ಕೇ ಹೋಯಿತು. ಅದೇ ರೇಸಿನಲ್ಲಿ ಆರನೆಯದಾಗಿ ಮುಗಿಸಿದ ಎಂ1 ಒಂದಿತ್ತು. ಕಲಾವಿದ ಆಂಡಿ ವಾರ್ಹಾಲ್ ತಾವೇ ಬ್ರಷ್ ಹಿಡಿದು ಅರ್ಧ ಗಂಟೆಯೊಳಗೆ ಬಣ್ಣ ಬಳಿದಿದ್ದ ಕಾರು ಅದು. ಇವತ್ತು ಎಂ1ರ ರೇಸ್ ಚಿತ್ರ ಅಂದರೆ ಜನರ ಕಣ್ಣ ಮುಂದೆ ಬರೋದು ಹೆಚ್ಚಾಗಿ ಆ ಬಣ್ಣವೇ.

ಮನ್ನಣೆ ಬಂದಾಗ

400 ಕಾರು ಮುಗಿದು ಗ್ರೂಪ್ 4ರ ಮನ್ನಣೆಯೊಂದಿಗೆ ಎಂ1 ಟ್ರ್ಯಾಕಿಗೆ ಇಳಿಯೋ ಹೊತ್ತಿಗೆ 1981 ಬಂದಿತ್ತು. 1982ರಿಂದ ಗ್ರೂಪ್ ಸಿ ಬರೋದು ಆಗಲೇ ಗೊತ್ತಿತ್ತು. ಅದು ಇಂಧನಕ್ಕೆ ಮಿತಿ ಹಾಕಿ ನಡೆಸೋ ರೇಸ್. ಅದರಲ್ಲಿ ರಸ್ತೆ ಕಾರಿನ ಮೂಲವೇ ಬೇಕಿರಲಿಲ್ಲ. 400 ಕಾರು ಕಟ್ಟೋಕೆ ಪಟ್ಟ ಪಾಡು ಹೊಸ ನಿಯಮದಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ.

ಬಿಎಂಡಬ್ಲ್ಯೂ ಮನಸ್ಸೂ ಅಷ್ಟರಲ್ಲಿ ಬೇರೆ ಕಡೆ ತಿರುಗಿತ್ತು. ಫಾರ್ಮುಲಾ ಒನ್‌ಗೆ 1.5 ಲೀಟರ್ ಟರ್ಬೊ ಎಂಜಿನ್ ಮಾಡೋ ತೀರ್ಮಾನ ಆಗಿತ್ತು, ರೋಷೆ ಅದರಲ್ಲಿ ಮುಳುಗಿದ್ದರು. ನೇರ್‌ಪಾಷ್ ಕಂಪನಿ ಬಿಟ್ಟಿದ್ದರು.

ಖಾಸಗಿ ತಂಡಗಳು ಎಂ1ರ ಮಾನ ಉಳಿಸಿದವು. 1981ರ ನ್ಯೂರ್‌ಬರ್ಗ್‌ರಿಂಗ್ 1000 ಕಿಲೋಮೀಟರ್ ರೇಸಿನಲ್ಲಿ ಹಾನ್ಸ್ ಯೋಆಕಿಮ್ ಸ್ಟುಕ್ ಮತ್ತು ನೆಲ್ಸನ್ ಪಿಕೆ ಗ್ರೂಪ್ 5 ಎಂ1ರಲ್ಲಿ ಗೆದ್ದರು. ಸ್ವಿಟ್ಜರ್ಲೆಂಡಿನ ಪೀಟರ್ ಸಾಬರ್ ಕಟ್ಟಿದ ಕಾರು. ಹೆರ್ಬರ್ಟ್ ಮ್ಯುಲರ್ ಸಾವಿಗೀಡಾದ ಅಪಘಾತದಿಂದ ಅಂದಿನ ರೇಸನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾಗಾಗಿ ಆ ಗೆಲುವಿನ ಬಗ್ಗೆ ಯಾರೂ ಎದೆ ತಟ್ಟಿಕೊಂಡು ಹೇಳೋದಿಲ್ಲ. ಅದೇ ವರ್ಷ ಅಮೆರಿಕದ ಐಎಂಎಸ್‌ಎ ಸರಣಿಯ ಜಿಟಿಒ ವಿಭಾಗದಲ್ಲಿ ಎಂ1 ಚಾಂಪಿಯನ್ ಆಯಿತು. 1981ರಲ್ಲೇ ತಯಾರಿಕೆ ನಿಂತಿತು. ರೇಸ್ ಕಾರುಗಳೂ ಸೇರಿ ಒಟ್ಟು ತಯಾರಾದದ್ದು 450ಕ್ಕೆ ಸ್ವಲ್ಪ ಮೇಲೆ.

ಎಂಜಿನ್ ಮಾತ್ರ ನಿಲ್ಲಲಿಲ್ಲ

ಎಂ1 ಸತ್ತ ಮೇಲೆ ಎಂ88 ಎಂಜಿನ್ನಿಗೆ ನಿಜವಾದ ಬಾಳು ಶುರುವಾಯಿತು. ಮೆಕ್ಯಾನಿಕಲ್ ಇಂಜೆಕ್ಷನ್ ತೆಗೆದು ಬಾಷ್ ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಕಿದರು. ಡ್ರೈ ಸಂಪ್ ಬದಲು ಮಾಮೂಲಿ ಆಯಿಲ್ ತಟ್ಟೆ ಬಂತು. ಶಕ್ತಿ 286 ಪಿಎಸ್‌ಗೆ ಏರಿತು. ಮೊದಲು ಎಂ635 ಸಿಎಸ್‌ಐ ಕೂಪೆಗೆ, ಆಮೇಲೆ 1985ರಲ್ಲಿ ಮೊದಲ ಎಂ5ಗೆ ಅದನ್ನು ಕೂರಿಸಿದರು. ನೋಡೋಕೆ ಸಾದಾ ನಾಲ್ಕು ಬಾಗಿಲ ಸೆಡಾನ್, ಬಾನೆಟ್ ಕೆಳಗೆ ಎಂ1ರ ಎಂಜಿನ್ ವಂಶ. ಇಂಥ ಕಾರು ಕೊಳ್ಳೋಕೆ ಜನ ಇದ್ದಾರೆ ಅಂತ ಬಿಎಂಡಬ್ಲ್ಯೂಗೆ ಆಗ ಗೊತ್ತಾಯಿತು.

ಅದಕ್ಕಿಂತ ಮಜಾ ಎಂ3 ಕಥೆ. ಟೂರಿಂಗ್ ಕಾರ್ ರೇಸಿಗೆ ಗ್ರೂಪ್ ಎ ನಿಯಮ ಬಂದಿತ್ತು. ಅದರ ಪ್ರಕಾರ 12 ತಿಂಗಳಲ್ಲಿ 5,000 ಕಾರು ಮಾಡಬೇಕು. ಎಂ1ಗೆ ಬೇಕಿದ್ದ ಸಂಖ್ಯೆಯ ಹನ್ನೆರಡೂವರೆ ಪಟ್ಟು, ಅದೂ ಅರ್ಧ ಸಮಯದಲ್ಲಿ. ಈ ಸಲ ಬಿಎಂಡಬ್ಲ್ಯೂ ಹೊಸ ಚಾಸಿಯ ತಂಟೆಗೆ ಹೋಗಲಿಲ್ಲ, ಇಟಲಿಗೂ ಹೋಗಲಿಲ್ಲ. ಮ್ಯೂನಿಕ್‌ನಲ್ಲಿ ಆಗಲೇ ರಾಶಿ ರಾಶಿ ತಯಾರಾಗುತ್ತಿದ್ದ 3 ಸೀರೀಸ್ ಕಾರನ್ನೇ ಹಿಡಿದರು. ಮಡ್‌ಗಾರ್ಡ್ ಅಗಲ ಮಾಡಿ, ಹಿಂದಿನ ಗಾಜಿನ ಓರೆ ಬದಲಿಸಿ, ಡಿಕ್ಕಿ ಮೇಲೆ ರೆಕ್ಕೆ ಕೂರಿಸಿದರು. ಎಂಜಿನ್ನಿಗೆ ರೋಷೆ ತಂಡ ಎಂ88ರ ಸಿಲಿಂಡರ್ ಹೆಡ್ಡನ್ನು (ವಾಲ್ವ್‌ಗಳಿರೋ ಮೇಲ್ಭಾಗ) ಎರಡು ಸಿಲಿಂಡರಿನಷ್ಟು ಕತ್ತರಿಸಿ ಪ್ರಯೋಗ ಶುರು ಮಾಡಿತು. ಸಿಲಿಂಡರಿನ ಅಳತೆ ಹಾಗೇ ಉಳಿಯಿತು, 93.4 ಮತ್ತು 84. ಆರರ ಬದಲು ನಾಲ್ಕು, ಹಾಗಾಗಿ 2,302 ಸಿಸಿ. 1986ರಲ್ಲಿ ಮ್ಯೂನಿಕ್ ಕಾರ್ಖಾನೆಯಲ್ಲೇ ತಯಾರಿಕೆ ಶುರುವಾಯಿತು. 1987ರಲ್ಲಿ ರಾಬರ್ಟೊ ರವಾಲಿಯಾ ಆ ಕಾರಿನಲ್ಲಿ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್ ಆದರು.